ಮರಳಿನ ಮಗುವನ್ನು ಹೊರಿಸುವ ದಾರಿ ಅಕ್ಕ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕಮರಿಯ ಅಂಚಿನಲ್ಲಿ ತಗಡು ಹೊದಿಸಿದ ಪುಟ್ಟ ಕೋಣೆಯೊಂದಿದೆ. ಅದರ ಬೀಗ ತೆಗೆದ ಹೆಂಗಸು ಮೊದಲು ಎತ್ತಿಕೊಳ್ಳುವುದು ಪೊರಕೆಯನ್ನಲ್ಲ, ಮಕ್ಕಳನ್ನು. ಮೂರು ಮಕ್ಕಳು. ಒಂದೊಂದರ ಕಂಕುಳಿಗೂ ಕೈ ಕೊಟ್ಟು ಎತ್ತಿ, ಹೊರಗಿನ ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಾರೆ. ನಡುವಿನವನು ಪಕ್ಕಕ್ಕೆ ವಾಲುತ್ತಾನೆ. ಅವನ ಬೆನ್ನಿಗೊಂದು ಗುದ್ದು ಕೊಟ್ಟು ನೆಟ್ಟಗೆ ಮಾಡುತ್ತಾರೆ. ಅವನು ಅಳುವುದಿಲ್ಲ, ಏಕೆಂದರೆ ಅವನ ಹೊಟ್ಟೆಯಲ್ಲಿರುವುದು ಬರೀ ಮರಳು.

ದಪ್ಪ ಕ್ಯಾನ್ವಾಸಿನ ಚೀಲಗಳಿವು. ಚಿಕ್ಕವನು ಒಂಬತ್ತು ಕಿಲೋ, ನಡುವಿನವನು ಹದಿನಾಲ್ಕು, ದೊಡ್ಡವನು ಹದಿನೆಂಟು. ಕೈಕಾಲುಗಳಿಗೆ ಬಟ್ಟೆ ಸುತ್ತಿ ಹೊಲಿದಿದ್ದಾರೆ, ಮೈಗೆ ಹಳೆಯ ಸ್ವೆಟರ್ ತೊಡಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಕಮರಿಗೆ ಇಳಿಯಲು ಬರುವ ಯಾವ ಅಪ್ಪನಾದರೂ ಮೊದಲು ಇವರಲ್ಲೊಬ್ಬನನ್ನು ಬೆನ್ನಿಗೆ ಹಾಕಿಕೊಂಡು, ಕೋಣೆಯಿಂದ ವಾಹನ ನಿಲ್ಲಿಸುವ ಜಾಗದವರೆಗಿನ ನಲವತ್ತಾರು ಮೆಟ್ಟಿಲು ಹತ್ತಬೇಕು. ಆಮೇಲೆ ಮಾತು. ಇದು ಈ ರಾಷ್ಟ್ರೀಯ ಉದ್ಯಾನದ ಯಾವ ನಿಯಮದಲ್ಲೂ ಇಲ್ಲ. ಈ ಹೆಂಗಸು ಮಾಡಿಕೊಂಡ ನಿಯಮ.

ಅವರನ್ನು ಇಲ್ಲಿ ಎಲ್ಲರೂ ದಾರಿ ಅಕ್ಕ ಎನ್ನುತ್ತಾರೆ. ವಯಸ್ಸು ನಲವತ್ತೆರಡು. ಕಚೇರಿಯ ದಾಖಲೆಯಲ್ಲಿ ಅವರ ಹುದ್ದೆ ದಾರಿ ಕಾವಲು. ನಿಜವಾಗಿ ಮಾಡುವ ಕೆಲಸಕ್ಕೆ ದಾಖಲೆಯಲ್ಲಿ ಹೆಸರೇ ಇಲ್ಲ. ಈ ರಾಷ್ಟ್ರೀಯ ಉದ್ಯಾನಕ್ಕೆ ಮಕ್ಕಳೊಂದಿಗೆ ಬರುವ ಸಂಸಾರ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ತಿರುವಿನಲ್ಲಿ ವಾಪಸ್ಸಾಗಬೇಕು, ಅಜ್ಜಿಯನ್ನು ಎಲ್ಲಿ ಕೂರಿಸಬೇಕು, ಪುಟ್ಟವನಿಗೆ ಎಲ್ಲಿ ಉಚ್ಚೆ ಹೊಯ್ಯಿಸಬೇಕು, ಇಷ್ಟನ್ನೂ ಹಳೆಯ ಟಿಕೆಟ್ ಪುಸ್ತಕದ ಹಾಳೆಗಳ ಹಿಂಬದಿಯಲ್ಲಿ ಬರೆದುಕೊಡುವುದು ಅವರ ಕೆಲಸ. ವಾರದ ದಿನಗಳಲ್ಲಿ ಹನ್ನೆರಡು ಚೀಟಿ, ರಜೆಯ ದಿನಗಳಲ್ಲಿ ನಲವತ್ತು. ಏಳು ವರ್ಷದಿಂದ ಹೀಗೆಯೇ ನಡೆದಿದೆ.

ಇನ್ನು ಮುಂದೆ ನಡೆಯುತ್ತದೋ ಇಲ್ಲವೋ, ಅದು ಇವತ್ತು ಗೊತ್ತಾಗಬೇಕು. ಈ ಕೋಣೆ, ಈ ಕುರ್ಚಿ ಬೇಕೇ ಎಂದು ನೋಡಲು ದೊಡ್ಡ ಕಚೇರಿಯಿಂದ ಒಬ್ಬರು ಬರುತ್ತಿದ್ದಾರೆ. ಬೇಡವೆಂದರೆ ಅಕ್ಕ ಮುಖ್ಯ ಗೇಟಿನಲ್ಲಿ ಟಿಕೆಟ್ ಹರಿಯಲು ಹೋಗಬೇಕು. ಸಂಬಳದಲ್ಲಿ ಬಿಡಿಕಾಸೂ ವ್ಯತ್ಯಾಸವಿಲ್ಲ, ಮೇಲೆ ಫ್ಯಾನಿನ ಗಾಳಿ ಬೇರೆ.

“ನೆರಳಲ್ಲಿ ಕೂತು ಸಂಬಳ ತಗೊಳ್ಳೋಕೆ ನಿನಗೇನು ಕಷ್ಟ ಅಂತಾರೆ ನಮ್ಮನೆಯವರು,” ಎಂದು ಅಕ್ಕ ನಗುತ್ತಾರೆ. ಮನೆಯವರು ಉದ್ಯಾನದೊಳಗೆ ಓಡಾಡುವ ಬಸ್ಸಿನ ಡ್ರೈವರು. “ನಾನು ಅಂದೆ, ಗೇಟಲ್ಲಿ ಕೂತ್ರೆ ಬರೋರ ಕೈ ಮಾತ್ರ ಕಾಣತ್ತೆ. ನನಗೆ ಕಾಲು ಕಾಣಬೇಕು.”

ಬೆಟ್ಟಕ್ಕೂ ಕಮರಿಗೂ ಇರುವ ಅಂತರವನ್ನು ಅಕ್ಕನ ಬಾಯಲ್ಲೇ ಕೇಳಬೇಕು. “ಬೆಟ್ಟ ಹತ್ತೋರಿಗೆ ಬೆಟ್ಟಾನೇ ಹೇಳತ್ತೆ, ಸಾಕು, ವಾಪಸ್ ಹೋಗು ಅಂತ. ಕಮರಿ ಬಾಯಿ ಬಿಡಲ್ಲ. ಬಾ ಬಾ ಅಂತ ನಯವಾಗಿ ಕರ್ಕೊಂಡು ಹೋಗಿ, ಹೊಳೆ ತೋರಿಸಿ, ಬಿಸಿಲು ನೆತ್ತಿಗೆ ಬಂದ ಮೇಲೆ, ಹ್ಞಾಂ ಈಗ ಹತ್ತಪ್ಪ ಅನ್ನತ್ತೆ.”

ಹೊಳೆಯವರೆಗೆ ನಾಲ್ಕೂವರೆ ಕಿಲೋಮೀಟರು, ಹನ್ನೊಂದು ತಿರುವು. ಇಳಿಯಲು ಒಂದೂವರೆ ಗಂಟೆ. ಐದು ವರ್ಷದ ಮಗುವಿನೊಂದಿಗೆ ಹತ್ತಲು ಐದು ಗಂಟೆ, ಅದೂ ಮಗು ನಡೆದರೆ. ನಾಲ್ಕನೇ ತಿರುವು ದಾಟಿದರೆ ತಲೆಗೆ ನೆರಳಾಗಲು ಒಂದು ಗಿಡವೂ ಇಲ್ಲ. ಇಳಿಯುವಾಗ ಮಕ್ಕಳು ಜಿಂಕೆಮರಿಗಳು. ಹತ್ತುವಾಗ ಮೊದಲ ಕಲ್ಲಿನ ಮೇಲೇ ಕುಳಿತು ಎತ್ಕೋ ಎಂದು ಕೈ ಚಾಚುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಕ್ಕ ಇಲ್ಲಿಗೆ ಹೊಂದಿಸಿಕೊಂಡಿದ್ದಾರೆ: ಮಗುವಿನ ಕಾಲು ಇದ್ದಷ್ಟು ದಾರಿ ಹಾಸು.

ಹಾಗಾಗಿ ಪ್ರತಿ ವರ್ಷ ಪ್ರವಾಸಿಗರು ಬರುವ ಮೊದಲು ದಾರಿಯನ್ನು ಮಗುವಿನ ಕಾಲಲ್ಲೇ ಅಳೆಯುತ್ತಾರೆ. ಮೊದಮೊದಲು ಅಳತೆಗೆ ಸಿಕ್ಕಿದ್ದು ಸ್ವಂತ ಮಗಳು. ಅವಳು ಎಲ್ಲಿ ಕುಳಿತಳು, ಎಲ್ಲಿ ನೀರು ಕೇಳಿದಳು, ಎಲ್ಲಿ ರಚ್ಚೆ ಹಿಡಿದಳು ಎಂಬುದನ್ನೆಲ್ಲ ಗುರುತು ಹಾಕಿಕೊಂಡು ಚೀಟಿ ಬರೆಯುತ್ತಿದ್ದರು. ಈಗ ಮಗಳಿಗೆ ಹನ್ನೆರಡು. “ಅಮ್ಮಾ, ನನ್ನ ಕಾಲು ಉದ್ದ ಆಯ್ತು, ಬೇರೆ ಮಗು ಹುಡುಕ್ಕೋ,” ಎಂದು ರಾಜೀನಾಮೆ ಕೊಟ್ಟಿದ್ದಾಳೆ. ಈಗ ಸಿಬ್ಬಂದಿಯ ಮನೆಸಾಲಿನಲ್ಲಿ ಯಾರ ಮಗುವಿಗೆ ಐದು ತುಂಬುತ್ತದೆಂದು ಅಕ್ಕ ಕಾದು ನೋಡಿ, ಸಾಲ ಪಡೆಯುತ್ತಾರೆ.

ಇವತ್ತಿನ ಮೊದಲ ಸಂಸಾರ ಏಳು ಗಂಟೆಗೆ ಬರುತ್ತದೆ. ಅಪ್ಪ, ಅಮ್ಮ, ಅಜ್ಜಿ, ಒಂಬತ್ತರ ಹುಡುಗಿ, ಅವಳ ಐದು ವರ್ಷದ ತಮ್ಮ. ಅಪ್ಪನ ಕಾಲಲ್ಲಿ ಹೊಸ ಬೂಟು, ಕೈಯಲ್ಲಿ ಫೋನು. ಫೋನಿನಲ್ಲಿ ಇಡೀ ದಿನದ ಯೋಜನೆ ಗಂಟೆಗಂಟೆಯ ಲೆಕ್ಕದಲ್ಲಿ ಸಿದ್ಧವಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಅಕ್ಕ ದಿನಾ ನೋಡುತ್ತಾರೆ.

“ಹೊಳೆ ತನಕ ಹೋಗಿ ಮಧ್ಯಾಹ್ನ ಊಟಕ್ಕೆ ಮೇಲಿರ್ತೀವಿ ಮೇಡಂ. ಎಲ್ಲಾ ಪ್ಲ್ಯಾನ್ ಆಗಿದೆ,” ಎನ್ನುತ್ತಾರೆ ಅಪ್ಪ.

ಅಕ್ಕ ಫೋನಿನ ಕಡೆ ನೋಡುವುದಿಲ್ಲ. ತಮ್ಮ ಆಗಲೇ ಮರಳಿನ ಮಗುವಿನ ಮೂಗು ಹಿಂಡುತ್ತ ಗಲಾಟೆ ಎಬ್ಬಿಸಿದ್ದಾನೆ. ಅವನ ಕಡೆಯೂ ನೋಡುವುದಿಲ್ಲ. ಬಾಗಿಲ ಪಕ್ಕ ಚೀಲದ ಪಟ್ಟಿ ಹಿಡಿದು ಸುಮ್ಮನೆ ನಿಂತ ಹುಡುಗಿಯ ಮುಂದೆ ಮೊಣಕಾಲೂರಿ ಕೂರುತ್ತಾರೆ.

“ರಾತ್ರಿ ಬಸ್ಸಲ್ಲಿ ನಿದ್ದೆ ಬಂತಾ ಪುಟ್ಟಿ?”

“ಇಲ್ಲ.”

“ಯಾಕಮ್ಮ?”

“ತಮ್ಮ ನನ್ನ ತೊಡೆ ಮೇಲೆ ಮಲಗಿದ್ದ.”

“ಬೆಳಿಗ್ಗೆ ಏನು ತಿಂದೆ?”

ಹುಡುಗಿ ಅಮ್ಮನ ಮುಖ ನೋಡುತ್ತಾಳೆ. “ಬಿಸ್ಕತ್ತು. ಒಂದು.”

“ಒಂದಾ? ಎರಡು ಬ್ರೆಡ್ ಕೊಟ್ಟಿದ್ನಲ್ಲೇ ನಿನಗೆ,” ಎನ್ನುತ್ತಾರೆ ಅಮ್ಮ.

“ಒಂದು ಅಜ್ಜಿಗೆ ಕೊಟ್ಟೆ. ಇನ್ನೊಂದು ತಮ್ಮ ಕೇಳಿದ.”

ಅಕ್ಕ ತಮ್ಮದೇ ತಿಂಡಿ ಡಬ್ಬಿಯಿಂದ ಬೇಯಿಸಿದ ಮೊಟ್ಟೆಯೊಂದನ್ನು ತೆಗೆದು, ಸುಲಿದು, ಉಪ್ಪು ಸವರಿ ಹುಡುಗಿಯ ಕೈಗಿಡುತ್ತಾರೆ. ಅವಳು ತಿಂದು ಮುಗಿಸುವವರೆಗೆ ಅಲ್ಲೇ ಕೂತಿರುತ್ತಾರೆ. ಆಮೇಲೆ ಅಪ್ಪನ ಕಡೆ ತಿರುಗಿ, ನಡುವಿನವನನ್ನು ತೋರಿಸುತ್ತಾರೆ. “ನಿಮ್ಮ ಮಗ ಇವನಷ್ಟೇ ಭಾರ ಇರ್ತಾನೆ ಸಾರ್. ಒಂದ್ಸಲ ಮೇಲೆ ಹೋಗಿ ಬನ್ನಿ.”

ಅಪ್ಪ ನಗುತ್ತಲೇ ಹೊರುತ್ತಾರೆ. ಮಗ ಹಿಂದೆ ಹಿಂದೆ ಕುಣಿಯುತ್ತಾನೆ. ಹದಿನೈದನೇ ಮೆಟ್ಟಿಲವರೆಗೆ ನಗು ಇರುತ್ತದೆ. ಇಪ್ಪತ್ತೆಂಟರಲ್ಲಿ ಅವರು ನಿಂತು, ಸೊಂಟಕ್ಕೆ ಕೈ ಕೊಟ್ಟು, ಆಚೆ ಗುಡ್ಡದ ಸೊಬಗು ನೋಡುತ್ತಾರೆ. ಜಟ್ಟಿ ಜಾರಿದರೂ ಮೀಸೆ ಮಣ್ಣಾಗಬಾರದಲ್ಲ. ಅಷ್ಟು ಹೊತ್ತು ಸೊಬಗು ನೋಡಿದವರು ಮೂವತ್ತನಾಲ್ಕರಲ್ಲಿ ಮತ್ತೆ ನೋಡುತ್ತಾರೆ. ಕೆಳಗೆ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ನಲವತ್ತಾರೂ ಹತ್ತಿ ಇಳಿದು ಬಂದಾಗ ಅಪ್ಪನ ಅಂಗಿ ಬೆನ್ನಿಗೆ ಅಂಟಿದೆ.

“ಹೊಳೆಯಿಂದ ಮೇಲಕ್ಕೆ ಇಂಥ ಮೆಟ್ಟಿಲು ಎರಡು ಸಾವಿರದ ಮುನ್ನೂರಿವೆ ಸಾರ್,” ಎನ್ನುತ್ತಾರೆ ಅಕ್ಕ. ದನಿಯಲ್ಲಿ ಕೊಂಕಿಲ್ಲ. “ಇವನು ಒದೆಯಲ್ಲ, ಕೂದಲು ಹಿಡಿದು ಎಳೆಯಲ್ಲ. ನಿಮ್ಮವನು ಎಳೀತಾನೆ.”

ಚೀಟಿ ಸಿದ್ಧವಾಗುತ್ತದೆ. ಎಂಟಕ್ಕೆ ಮುಂಚೆ ಹೊರಡುವುದು. ಅಜ್ಜಿ ಅಂಚಿನ ಕಂಬಿ ಹಾಕಿದ ದಾರಿಯಲ್ಲಿ ನೂರು ಹೆಜ್ಜೆ ನಡೆದು ನೆರಳಿನ ಬೆಂಚಿನಲ್ಲಿ ಕೂರುವುದು. ಮೊದಲ ತಿರುವಿನ ಗೋಡೆಯಲ್ಲಿ ಕಲ್ಲಾಗಿ ಹೋದ ಚಿಪ್ಪುಗಳಿವೆ, ತಮ್ಮ ಅವನ್ನು ಎಣಿಸುವುದು. ಎರಡನೇ ತಿರುವಿನ ಗವಿಯಲ್ಲಿ ತಿಂಡಿ, ಅಲ್ಲಿಂದ ಹೊಳೆ ಬೆಳ್ಳಿಯ ದಾರದ ಹಾಗೆ ಕಾಣುತ್ತದೆ. ಅಲ್ಲಿಗೆ ಸಾಕು. ಕೊನೆಯ ಸಾಲಿನಲ್ಲಿ ಅಕ್ಕ ಬರೆಯುವುದು ವಾಪಸ್ಸಾಗುವ ತೀರ್ಮಾನ ಯಾರದು ಎಂದು. ಅಲ್ಲಿ ಯಾವತ್ತೂ ದೊಡ್ಡವರಿಗೆ ಜಾಗವಿಲ್ಲ. ಇವತ್ತು ಅಲ್ಲಿ ‘ತಮ್ಮನ ಅಕ್ಕ’ ಎಂದಿದೆ. ಒಂಬತ್ತರ ಹುಡುಗಿ ತುಟಿ ಬಿಗಿಹಿಡಿದು ಅದರ ಕೆಳಗೆ ಸಹಿ ಹಾಕುತ್ತಾಳೆ.

ಅಪ್ಪನ ಮುಖ ಗಂಟಾಗಿದೆ. ಅಷ್ಟು ದೂರದಿಂದ ಬಂದದ್ದು ಹೊಳೆಯಲ್ಲಿ ಕಾಲಿಡಲು. “ಹೊಳೆ ಎಲ್ಲೂ ಹೋಗಲ್ಲ ಸಾರ್,” ಎನ್ನುತ್ತಾರೆ ಅಕ್ಕ. “ಇವರ ಕಾಲು ಬೆಳೆಯಲಿ, ಆಗ ಬನ್ನಿ. ನಾನೇ ಜೊತೆಗೆ ಬರ್ತೀನಿ.”

ಬಾಗಿಲಲ್ಲಿ ಸುಮ್ಮನೆ ನಿಂತ ಮಗುವನ್ನೇ ಮೊದಲು ಮಾತಾಡಿಸುವುದೇಕೆ ಎಂದು ಕೇಳಿದರೆ ಅಕ್ಕ ಚೀಟಿಯ ಹಾಳೆಗಳನ್ನು ತಟ್ಟಿ ತಟ್ಟಿ ಅಂಚು ಸರಿಮಾಡುತ್ತಾರೆ.

ಈ ಕುರ್ಚಿಗೆ ಬರುವ ಮೊದಲು ಹದಿಮೂರು ವರ್ಷ ಅವರು ಇದೇ ದಾರಿಯಲ್ಲಿ ಹೊರೆ ಹೊತ್ತವರು. ಹೊಳೆಯ ಪಕ್ಕದ ವಸತಿಗೆ ಅಕ್ಕಿ, ಗ್ಯಾಸ್ ಸಿಲಿಂಡರು, ಹಾಸಿಗೆ ಎಲ್ಲ ಇಳಿದದ್ದು ಇಂಥವರ ಬೆನ್ನ ಮೇಲೆ. ಬರುವಾಗ ಸುಸ್ತಾದವರ ಮಕ್ಕಳನ್ನು ಹೊತ್ತು ತರುತ್ತಿದ್ದರು. ಆ ಕೆಲಸ ಬಲ ಮೊಣಕಾಲನ್ನು ತಿಂದಿದೆ. ಇವತ್ತಿಗೂ ನೆಲದಿಂದ ಏಳುವಾಗ ಮೇಜು ಹಿಡಿಯುತ್ತಾರೆ. ಹಾಗಿದ್ದೂ ಮಕ್ಕಳ ಮುಂದೆ ಮೊಣಕಾಲೂರುವುದನ್ನು ಬಿಟ್ಟಿಲ್ಲ.

“ಒಂದು ಸಂಸಾರ. ಇಬ್ಬರು ಮಕ್ಕಳು,” ಎಂದು ಕೊನೆಗೆ ಬಾಯಿ ಬಿಡುತ್ತಾರೆ. “ಚಿಕ್ಕವನು ಕಿರುಚಿ ಕಿರುಚಿ ಅಳ್ತಿದ್ದ. ಅವನನ್ನ ಹೊತ್ಕೊಂಡೆ. ಅಳೋದು ಅವನೇ ಅಲ್ವಾ, ಅವನಿಗೇ ಕಷ್ಟ ಅಂದ್ಕೊಂಡೆ. ಅವನಕ್ಕ ಹಿಂದೆ ನಡ್ಕೊಂಡು ಬರ್ತಿದ್ಲು. ಜಾಣೆ, ಒಂದು ಮಾತಿಲ್ಲ. ಏಳನೇ ತಿರುವಲ್ಲಿ ತಿರುಗಿ ನೋಡ್ತೀನಿ, ದಾರಿ ಮಧ್ಯೆ ಕೂತಿದಾಳೆ. ಮೈ ಕೆಂಡ. ಬೆವರೇ ಇಲ್ಲ. ಕರೆದ್ರೆ ನನ್ನ ಗುರುತು ಹಿಡೀಲಿಲ್ಲ. ನನ್ನ ಬೆನ್ನ ಮೇಲೆ ಇದ್ದೋನು ಅಷ್ಟೊತ್ತಿಗೆ ಅಳು ನಿಲ್ಲಿಸಿ ಹಾಡು ಹೇಳ್ತಿದ್ದ.”

ಹುಡುಗಿಯನ್ನು ಮೇಲೆ ತಂದು ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದರು. ಗಾಡಿ ಹೋಯಿತು. ಆಮೇಲೆ ಏನಾಯಿತು ಎಂದು ಹೊರೆ ಹೊರುವವಳಿಗೆ ಬಂದು ಹೇಳುವವರು ಯಾರು? ವಸತಿಯಲ್ಲಿ ಕೇಳಿದರು, ಗೇಟಿನಲ್ಲಿ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹುಡುಗಿ ಬದುಕಿದ್ದರೆ ಈಗ ಇಪ್ಪತ್ತರ ಹತ್ತಿರ. ಅಕ್ಕನಿಗೆ ಇವತ್ತಿಗೂ ತಿಳಿಯದು. ಇದನ್ನು ಹೇಳುವಾಗ ಅವರ ಕಣ್ಣು ತುಂಬುತ್ತದೆ. ಒರೆಸಿಕೊಳ್ಳಲು ಹೋಗುವುದಿಲ್ಲ, ಹಾಗೇ ಬಿಡುತ್ತಾರೆ.

“ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಈ ದಾರೀಲಿ ಆ ಗಾದೆ ನಡೆಯಲ್ಲ. ಅಳೋ ಮಗುಗೆ ನಾನು ಹೆದರಲ್ಲ. ಸುಮ್ಮನಾದ ಮಗು ಕಂಡ್ರೆ ಹೆದರ್ತೀನಿ.”

ಅದಾದ ವಾರಕ್ಕೇ ಮನೆಯಲ್ಲಿ ಮರಳಿನ ಮಕ್ಕಳು ಹುಟ್ಟಿದರು. ಹೊಲಿದದ್ದು ಅತ್ತೆ. ಶಾಲಾಚೀಲ ಹೊಲಿಯುವ ಅಂಗಡಿಯಲ್ಲಿ ಮೂವತ್ತು ವರ್ಷ ಮಿಷನ್ ತುಳಿದ ಕಾಲು ಅದು. “ಮೂರು ಹೆತ್ತೆ ನಾನು, ಒಂದೂ ನನ್ನ ಹತ್ರ ಹಾಲು ಕೇಳ್ಲಿಲ್ಲ,” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಸೊಸೆ ಮೊದಮೊದಲು ಹೊರೆ ಇಳಿಸುವ ಕಟ್ಟೆಯ ಬಳಿ ನಿಂತು, ಹೋಗುವವರನ್ನು ತಡೆದು ತಡೆದು ಚೀಲ ಹೊರಿಸಿದರು. ಹುಚ್ಚಿ ಎಂದವರಿದ್ದಾರೆ. ಆಗಿನ ಒಬ್ಬ ಅಧಿಕಾರಿ ಮೂರು ತಿಂಗಳು ನೋಡಿ, ಕೋಣೆ ಮತ್ತು ಕುರ್ಚಿ ಕೊಟ್ಟು ಹೋದರು. ಅವರು ವರ್ಗವಾಗಿ ಎಷ್ಟೋ ವರ್ಷವಾಯಿತು.

ಒಂಬತ್ತೂವರೆಗೆ ದೊಡ್ಡ ಕಚೇರಿಯ ಮೇಡಂ ಬರುತ್ತಾರೆ. ಐವತ್ತರ ಆಸುಪಾಸಿನ ಮಿತಭಾಷಿ. ಕುಡಿಯಲು ನೀರು ಕೇಳಿ, ಮರಳಿನ ಮಕ್ಕಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು ಕಡತ ಬಿಚ್ಚುತ್ತಾರೆ. ಕಡತದಲ್ಲಿ ಈ ಕೋಣೆಯ ಬಗ್ಗೆ ಇರುವುದು ಹದಿನೇಳು ಪತ್ರ. ಹದಿನೇಳೂ ದೂರು. ‘ನಮ್ಮ ಉತ್ಸಾಹಕ್ಕೆ ತಣ್ಣೀರೆರಚಿದರು.’ ‘ಮರಳು ಹೊರಿಸಿ ಎಲ್ಲರೆದುರು ಅವಮಾನ ಮಾಡಿದರು.’ ‘ಹಣ ಕೊಟ್ಟು ಬಂದವರನ್ನು ಅರ್ಧ ದಾರಿಯಿಂದ ಕಳಿಸುವುದು ಯಾವ ನ್ಯಾಯ?’ ಮೆಚ್ಚಿ ಬರೆದ ಪತ್ರ ಒಂದೂ ಇಲ್ಲ. ಇರುವುದಾದರೂ ಹೇಗೆ? ಬೀಳದೆ ಮನೆ ತಲುಪಿದವನಿಗೆ ತಾನು ಬೀಳಲಿಲ್ಲ ಎಂಬುದೇ ತಿಳಿದಿರುವುದಿಲ್ಲ.

ಇದೇ ಉದ್ಯಾನದ ಉತ್ತರ ದಿಕ್ಕಿನ ದಾರಿಯ ಕಥೆ ಬೇರೆ. ಅಲ್ಲಿ ಚೀಟಿಯಿಲ್ಲ, ಅಕ್ಕನಿಲ್ಲ. ರಕ್ಷಣಾ ತಂಡವಿದೆ. ಈ ವರ್ಷ ಇಪ್ಪತ್ಮೂರು ಮಕ್ಕಳನ್ನು ಸ್ಟ್ರೆಚರಿನಲ್ಲಿ ಮೇಲೆ ತಂದಿದ್ದಾರೆ. ಫೋಟೊ ಬಂತು, ಪ್ರಶಂಸಾಪತ್ರ ಬಂತು, ಇನ್ನಿಬ್ಬರು ಆಳುಗಳೂ ಮಂಜೂರಾದರು. ಅಕ್ಕನಿಗೆ ಹೊಟ್ಟೆಕಿಚ್ಚಿಲ್ಲ. “ಜೀವ ಒತ್ತೆ ಇಟ್ಟು ದುಡೀತಾರೆ ಆ ಹುಡುಗರು. ಅವರಿಗೆ ಎಷ್ಟು ಕೊಟ್ರೂ ಕಮ್ಮಿ,” ಎನ್ನುತ್ತಾರೆ. ಮನೆಯವರು ಮಾತ್ರ ರಾತ್ರಿಯೂಟದ ಹೊತ್ತಿಗೆ ಒಂದು ಉಪಾಯ ಹೇಳಿಕೊಟ್ಟಿದ್ದಾರೆ. ನೀನೂ ಒಂದಿಪ್ಪತ್ತು ಮಕ್ಕಳನ್ನ ಕಾಪಾಡಿದೀನಿ ಅಂತ ಬರೆದುಬಿಡು, ಯಾರು ಬಂದು ಎಣಿಸ್ತಾರೆ? ಕುರ್ಚಿ ಉಳಿಯತ್ತೆ, ಮುಂದೆ ಬರೋ ಮಕ್ಕಳೂ ಉಳೀತಾರೆ. ಒಳ್ಳೇದಕ್ಕೆ ಹೇಳೋ ಸುಳ್ಳು, ಸುಳ್ಳಲ್ಲ ಕಣೆ.

ಗಂಡನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವ ಹಾಗಿಲ್ಲ. ಅಕ್ಕನಿಗೆ ರಾತ್ರಿಯಿಡೀ ನಿದ್ದೆ ಹತ್ತಿಲ್ಲ.

ಹತ್ತೂಮುಕ್ಕಾಲಕ್ಕೆ ಬೆಳಗಿನ ಸಂಸಾರ ವಾಪಸ್ಸು ಬರುತ್ತದೆ. ತಮ್ಮ ಎಪ್ಪತ್ತೊಂದು ಚಿಪ್ಪು ಎಣಿಸಿದ್ದಾನೆ, ಮೊದಲ ತಿರುವಿನಿಂದ ಮೇಲಕ್ಕೆ ಅಪ್ಪನ ಹೆಗಲೇರಿದ್ದಾನೆ. ಹುಡುಗಿ ತನ್ನ ಕಾಲಲ್ಲೇ ನಡೆದು ಬರುತ್ತಾಳೆ. ಎರಡನೇ ತಿರುವಿನಲ್ಲಿ ಅವಳು ಸಾಕು ಎಂದಳಂತೆ, ಅಪ್ಪ ಇನ್ನೊಂದೇ ತಿರುವು ಎಂದು ಗೋಗರೆದರಂತೆ, ಅವಳು ಸಹಿ ನೆನಪಿಸಿದಳಂತೆ. ದೊಡ್ಡ ಕಚೇರಿಯ ಮೇಡಂ ಕಡತದಿಂದ ತಲೆಯೆತ್ತಿ ನೋಡುತ್ತಾರೆ. ಅಕ್ಕನ ಪಾಲಿಗೆ ಯಾರಾದರೂ ಒಂದು ಒಳ್ಳೆಯ ಮಾತಾಡಬೇಕಿದ್ದರೆ ಇದೇ ಗಳಿಗೆ. ಅಪ್ಪ ನೇರವಾಗಿ ಮೆಟ್ಟಿಲು ಹತ್ತುತ್ತಾರೆ. “ಬಂದಿದ್ದಕ್ಕೂ ಹೊಳೆ ಮುಟ್ಟೋಕಾಗ್ಲಿಲ್ಲ,” ಎಂದು ಅಮ್ಮ ಎಲ್ಲರಿಗೂ ಕೇಳುವಂತೆ ಗೊಣಗುತ್ತಾರೆ. ಅಜ್ಜಿ ಬೆಂಚು ಚೆನ್ನಾಗಿತ್ತು ಎನ್ನುತ್ತಾರೆ. ಅಷ್ಟೇ.

ಅಕ್ಕ ಮಾತ್ರ ಹುಡುಗಿಯ ಕೆನ್ನೆ ಮುಟ್ಟಿ ನೋಡುತ್ತಾರೆ. ಬೆವರಿದೆ, ತಣ್ಣಗಿದೆ. ಅಷ್ಟು ಸಾಕೆಂಬಂತೆ ಕೈ ತೆಗೆಯುತ್ತಾರೆ.

ಹನ್ನೊಂದಕ್ಕೆ ನಮೂನೆ ತುಂಬುವ ಕೆಲಸ. ಮೇಡಂ ಓದುತ್ತಾರೆ, ಅಕ್ಕ ಹೇಳುತ್ತಾರೆ, ಮೇಡಂ ಬರೆಯುತ್ತಾರೆ. ಸೇವೆಯ ಅವಧಿ, ಏಳು ವರ್ಷ. ದಿನದ ಸಂದರ್ಶಕರು, ಇಷ್ಟು. ಆಮೇಲಿನ ಸಾಲು: ಈ ಅವಧಿಯಲ್ಲಿ ಅಪಾಯದಿಂದ ಪಾರುಮಾಡಿದ ಮಕ್ಕಳ ಸಂಖ್ಯೆ.

ಅಕ್ಕ ಕಮರಿಯ ಕಡೆ ನೋಡುತ್ತಾರೆ. ಬಿಸಿಲು ಆಗಲೇ ಆರನೇ ತಿರುವಿಗೆ ಇಳಿದಿದೆ.

“ಸೊನ್ನೆ,” ಎನ್ನುತ್ತಾರೆ.

ಮೇಡಂ ಪೆನ್ನು ಎತ್ತಿ ಹಿಡಿಯುತ್ತಾರೆ. ಅವರೇನೂ ಕಲ್ಲುಹೃದಯದವರಲ್ಲ. ಒಂದೂವರೆ ಗಂಟೆ ಕಾಲ ಎಲ್ಲವನ್ನೂ ಕಣ್ಣಾರೆ ಕಂಡಿದ್ದಾರೆ. “ಯೋಚನೆ ಮಾಡಿ ಹೇಳಿ ಅಮ್ಮ,” ಎನ್ನುತ್ತಾರೆ ಮೆಲ್ಲಗೆ. “ಯಾರಿಗೋ ತಲೆ ಸುತ್ತು ಬಂದಿರತ್ತೆ, ಯಾರೋ ಜಾರಿರ್ತಾರೆ. ನೀವು ನೀರು ಕೊಟ್ಟಿರ್ತೀರಿ, ಕೈ ಹಿಡಿದಿರ್ತೀರಿ. ಅದನ್ನೂ ಸೇರಿಸಬಹುದು. ಸೊನ್ನೆ ಅಂತ ಬರೆದ್ರೆ ಮೇಲಿನವರು ಈ ಹುದ್ದೆ ಯಾಕೆ ಅಂತಾರೆ. ನನ್ನ ಕೈಯಲ್ಲಿ ಏನೂ ಇರಲ್ಲ.”

ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಮೇಲಿನವರ ಆದೇಶ ಬಂದಿಲ್ಲ. ತಿಂಗಳ ಕೊನೆಗೆ ಬರಬಹುದು. ಅಲ್ಲಿಯವರೆಗೆ ಕೋಣೆಯ ಬೀಗದ ಕೈ ಅಕ್ಕನ ಹತ್ತಿರವೇ ಇದೆ. ನಮೂನೆಯ ಆ ಸಾಲಿನಲ್ಲಿ ಅವರು ಹೇಳಿದ್ದೇ ಇದೆ. ಮೇಡಂ ಮೂರು ಸಲ ಕೇಳಿದರು, ಮೂರು ಸಲವೂ ಅದೇ ಉತ್ತರ. ಮೂರನೆಯ ಸಲ ಅಕ್ಕ ಮೇಜು ಹಿಡಿದು ಎದ್ದು ನಿಂತು, ದನಿ ಏರಿಸದೆ, ತಮ್ಮ ಮಟ್ಟಿಗೆ ಉದ್ದನೆಯದೆನ್ನಬಹುದಾದ ಮಾತು ಆಡಿದರು:

“ಕಾಪಾಡಿದೆ ಅಂತ ಬರೀಬೇಕಾದ್ರೆ ಮೊದಲು ಮಗು ಬಿತ್ತು ಅಂತ ಬರೀಬೇಕಲ್ಲ ಮೇಡಂ. ಇಪ್ಪತ್ತು ಅಂತ ಬರೆದ್ರೆ ಇಪ್ಪತ್ತು ಮಕ್ಕಳು ಬಿದ್ದ ಹಾಗೆ. ಏಳು ವರ್ಷದಲ್ಲಿ ಒಬ್ಬರನ್ನೂ ಬೀಳೋಕೆ ಬಿಟ್ಟಿಲ್ಲ ನಾನು. ಈಗ ಈ ಕುರ್ಚಿಗೋಸ್ಕರ ಕಾಗದದ ಮೇಲೆ ಬೀಳಿಸು ಅಂದ್ರೆ, ಅದು ನನ್ನ ಕೈಲಾಗಲ್ಲ.”